ಧರ್ಮದ ಕಲಂನಲ್ಲಿ ಒಂದು ಸಾಲು ಸೇರಿಸಿ: ಜನಗಣತಿ ಆಯುಕ್ತರಿಗೆ ಬಹಿರಂಗ ಪತ್ರ

ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ಜನಗಣತಿ ಆಯುಕ್ತರಿಗೆ,

ಮಾನ್ಯರೇ,

2027ರ ಫೆಬ್ರುವರಿಯಲ್ಲಿ ನಿಮ್ಮ ಗಣತಿದಾರರು ಮನೆಮನೆಗೆ ಬರುತ್ತಾರೆ. ಸುಮಾರು 30 ಲಕ್ಷ ಸಿಬ್ಬಂದಿ, 11,718 ಕೋಟಿ ರೂಪಾಯಿ ಖರ್ಚು, ಮೊದಲ ಸಲ ಕಾಗದದ ಬದಲು ಮೊಬೈಲ್ ಆ್ಯಪ್, ಸ್ವಾತಂತ್ರ್ಯದ ನಂತರ ಮೊದಲ ಸಲ ಎಲ್ಲರ ಜಾತಿಯ ಲೆಕ್ಕ. ಇಷ್ಟು ದೊಡ್ಡ ಕೆಲಸದಲ್ಲಿ ನಾನು ಕೇಳುತ್ತಿರುವುದು ಒಂದೇ ಸಾಲು. ಧರ್ಮದ ಪ್ರಶ್ನೆಗೆ ಕೊಡುವ ಆಯ್ಕೆಗಳಲ್ಲಿ ‘ಯಾವ ಧರ್ಮವೂ ಇಲ್ಲ’ ಅನ್ನುವುದನ್ನೂ ಸೇರಿಸಿ. ಅದಕ್ಕೊಂದು ಕೋಡ್, ಅಂದರೆ ಎಣಿಸಲು ಬಳಸುವ ಗುರುತಿನ ಸಂಖ್ಯೆ, ಕೊಡಿ.

ನಾನು ಕರ್ನಾಟಕದ ಒಂದು ಸಣ್ಣ ಊರಿನಲ್ಲಿ ಇರುವವಳು. ಕಾಲೇಜಿನಲ್ಲಿ ಪಾಠ ಮಾಡಿ ಬದುಕಿದವಳು. ದೇವರನ್ನು ನಂಬುವವಳಲ್ಲ. ಈ ಮಾತನ್ನು ಮೆಲ್ಲಗೆ ಹೇಳುವ ಅಭ್ಯಾಸ ನನ್ನಂಥ ಬಹಳ ಜನರಿಗಿದೆ. ಇಲ್ಲಿ ಜೋರಾಗಿಯೇ ಹೇಳುತ್ತಿದ್ದೇನೆ, ಯಾಕೆಂದರೆ ಇದು ಲೆಕ್ಕದ ವಿಷಯ.

2011ರ ಜನಗಣತಿಯ ಧರ್ಮದ ಅಂಕಿಗಳು 2015ರ ಆಗಸ್ಟ್‌ನಲ್ಲಿ ಹೊರಬಂದವು. ನಮೂನೆಯಲ್ಲಿ ಆರು ಧರ್ಮಗಳಿಗೆ ಕೋಡ್ ಇತ್ತು: ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ. ಉಳಿದವರು ಹೆಸರು ಹೇಳಿ ಬರೆಸಬೇಕಿತ್ತು. ಹಾಗೆ ‘ಇತರೆ’ ಅಡಿ ಬಂದವರು ಸುಮಾರು 79 ಲಕ್ಷ. ಅದರೊಳಗೆ ಹುಡುಕಿದರೆ ನಾಸ್ತಿಕರು ಅಂತ ಬರೆಸಿದವರು ಸುಮಾರು 33 ಸಾವಿರ ಸಿಗುತ್ತಾರೆ. 121 ಕೋಟಿ ಜನರ ದೇಶದಲ್ಲಿ 33 ಸಾವಿರ! ಇನ್ನೊಂದು ಕಡೆ, ‘ಧರ್ಮ ತಿಳಿಸಿಲ್ಲ’ ಅನ್ನುವ ಗುಂಪಿನಲ್ಲಿ ಸುಮಾರು 28.7 ಲಕ್ಷ ಜನ. 2001ರಲ್ಲಿ ಈ ಗುಂಪು ಸುಮಾರು 7 ಲಕ್ಷದಷ್ಟಿತ್ತು. ಹತ್ತು ವರ್ಷದಲ್ಲಿ ನಾಲ್ಕು ಪಟ್ಟು. ಅದರಲ್ಲಿ ಧರ್ಮವೇ ಇಲ್ಲದವರು ಎಷ್ಟು, ಧರ್ಮ ಇದ್ದೂ ಹೇಳಲು ಒಪ್ಪದವರು ಎಷ್ಟು, ಸುಮ್ನೆ ಖಾಲಿ ಉಳಿದ ಕಲಂ ಎಷ್ಟು? ಆ ಅಂಕಿಯಿಂದ ಇದು ತಿಳಿಯುವುದಿಲ್ಲ. ಮಾತಾಡಿದವನನ್ನೂ ಸುಮ್ಮನಿದ್ದವನನ್ನೂ ಒಂದೇ ಗುಂಪಿಗೆ ಹಾಕಿದರೆ ಅದು ಎಂಥ ಗಣತಿ?

‘ಇತರೆ’ ಅನ್ನುವ ಕಲಂ ಇದೆಯಲ್ಲ, ಅಲ್ಲೇ ಬರೆಸಿ ಅಂತ ನೀವು ಹೇಳಬಹುದು. ಜಾರ್ಖಂಡ್ ಮತ್ತು ಸುತ್ತಲಿನ ಆದಿವಾಸಿಗಳು ಹಾಗೆಯೇ ಮಾಡಿದರು. ಕೋಡ್ ಇಲ್ಲದಿದ್ದರೂ ಸುಮಾರು 49.6 ಲಕ್ಷ ಜನ, ಪ್ರಕೃತಿಯನ್ನು ಪೂಜಿಸುವ ತಮ್ಮ ಧರ್ಮದ ಹೆಸರು ‘ಸರನಾ’ ಅಂತ ಬರೆಸಿದರು. ಆದರೆ ಅವರ ಹಿಂದೆ ಊರಿತ್ತು, ಹಬ್ಬವಿತ್ತು, ಹಾಗೇ ಬರೆಸಿ ಅಂತ ಹಾಡಿಗಳಲ್ಲಿ ಹೇಳುವ ಸಂಘಟನೆಗಳಿದ್ದವು. ನಂಬದವರಿಗೆ ಅಂಥ ಊರು ಎಲ್ಲಿದೆ? ನಾವು ಒಂದೊಂದು ಮನೆಯಲ್ಲಿ ಒಬ್ಬೊಬ್ಬರಾಗಿ ಇದ್ದೇವೆ. ಬಹಳ ಸಲ ಪಕ್ಕದ ಕೋಣೆಯಲ್ಲಿರುವವರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ‘ನಾಸ್ತಿಕ’ ಅಂತಲೇ ಒಂದು ಕೋಡ್ ಕೊಟ್ಟರೆ ಆಯಿತಲ್ಲ? ಅದು ಸಾಕಾಗುವುದಿಲ್ಲ. ನನ್ನ ಪತ್ರದ ಮುಖ್ಯ ಮಾತು ಇದೇ. ನಂಬಿಕೆ ಇಲ್ಲದಿರುವುದು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ.

ನನ್ನ ಸುತ್ತಲಿನವರನ್ನೇ ನೋಡಿ. ನನ್ನ ಯಜಮಾನರು “ಏನೋ ಒಂದು ಶಕ್ತಿ ಇದೆ, ಅದಕ್ಕೆ ಹೆಸರು ಯಾಕೆ” ಅನ್ನುತ್ತಾರೆ. ಯಾವ ಗುಡಿಗೂ ಹೋಗುವುದಿಲ್ಲ, ಯಾವ ಪೂಜೆಗೂ ಕೂರುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ದೇವರಿಲ್ಲ ಅಂತ ಗಟ್ಟಿಯಾಗಿ ವಾದ ಮಾಡುತ್ತಿದ್ದರು. ಮಗಳ ಮದುವೆ ಮಾತುಕತೆ ಮಾತ್ರ ರಾಹುಕಾಲ ಕಳೆದ ಮೇಲೆಯೇ ಶುರುವಾಗಬೇಕಿತ್ತು. ನಮ್ಮ ಬೀದಿಯ ಒಬ್ಬ ಹುಡುಗ, ಇಪ್ಪತ್ತು ವರ್ಷದವನು, “ಇದ್ದಾನೋ ಇಲ್ಲವೋ ಗೊತ್ತಾಗುವ ದಾರಿ ಯಾವುದು ಆಂಟಿ, ಗೊತ್ತಿಲ್ಲ ಅನ್ನುವುದೇ ಸರಿ” ಅಂತಾನೆ. ಅವನ ಅಜ್ಜಿಗೆ ದೇವರ ಮೇಲೆ ಸಂಶಯವಿಲ್ಲ, ಮುನಿಸು ಇದೆ. ಮಗ ತೀರಿಕೊಂಡ ಮೇಲೆ ದೀಪ ಹಚ್ಚುವುದನ್ನು ನಿಲ್ಲಿಸಿದ್ದಾರೆ. ಆಕೆಯನ್ನು ನಾನು ನಂಬದವರ ಜೊತೆ ಸೇರಿಸುವುದಿಲ್ಲ. ಮುನಿಸಿಕೊಳ್ಳಬೇಕಾದರೆ ಎದುರಿಗೆ ಒಬ್ಬರು ಇರಬೇಕಲ್ಲ. ಇನ್ನು ದೇವರು ಇದ್ದರೇನು ಇಲ್ಲದಿದ್ದರೇನು ಅಂತ ಆ ಪ್ರಶ್ನೆಯನ್ನೇ ತಲೆಗೆ ಹಚ್ಚಿಕೊಳ್ಳದವರು ಎಷ್ಟೋ ಜನ. ಕೊನೆಗೆ ನಾನು. ನನಗೆ ದೇವರಿಲ್ಲ ಅನ್ನುವುದು ಬಹುಮಟ್ಟಿಗೆ ಖಚಿತ. ನಾಳೆ ಒಳ್ಳೆಯ ಸಾಕ್ಷಿ ಸಿಕ್ಕರೆ ಬದಲಾಗುತ್ತೇನೆ. ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ.

ಇವರಲ್ಲಿ ಎಷ್ಟು ಜನ ‘ನಾಸ್ತಿಕ’ ಅನ್ನುವ ಗೆರೆಯ ಮುಂದೆ ಗುರುತು ಹಾಕುತ್ತಾರೆ? ನಾನೊಬ್ಬಳು. ಆ ಹುಡುಗ ಹಾಕುವುದಿಲ್ಲ, ನನ್ನ ಯಜಮಾನರಂತೂ ಖಂಡಿತ ಹಾಕುವುದಿಲ್ಲ. ಆದರೆ ‘ಯಾವ ಧರ್ಮವೂ ಇಲ್ಲ’ ಅಂತ ಇದ್ದರೆ ಮೂವರೂ ಅಲ್ಲಿಗೆ ಬರುತ್ತೇವೆ. ಸಮೀಕ್ಷೆಗಳನ್ನು ಮಾಡುವ ಅಮೆರಿಕದ ಪ್ಯೂ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಅಲ್ಲಿನ ವಯಸ್ಕರಲ್ಲಿ 28 ಶೇಕಡಾ ಜನ ಯಾವ ಧರ್ಮಕ್ಕೂ ಸೇರಿಲ್ಲ ಅನ್ನುತ್ತಾರೆ. ಆ ಗುಂಪಿನೊಳಗೆ ನಾಸ್ತಿಕರು ಅಂದುಕೊಳ್ಳುವವರು 17 ಶೇಕಡಾ, ಗೊತ್ತಾಗದು ಅನ್ನುವವರು 20 ಶೇಕಡಾ. ಉಳಿದ 63 ಶೇಕಡಾ ಜನ ‘ನಿರ್ದಿಷ್ಟವಾಗಿ ಏನೂ ಅಲ್ಲ’ ಅನ್ನುವವರು. ‘ನಾಸ್ತಿಕ’ ಅನ್ನುವ ಒಂದೇ ಬಾಗಿಲಿಟ್ಟಿದ್ದರೆ ಆರರಲ್ಲಿ ಐದು ಜನ ಹೊರಗೇ ಉಳಿಯುತ್ತಿದ್ದರು.

ನಮ್ಮ ದೇಶದ ಬಗ್ಗೆಯೂ ಅದೇ ಸಂಸ್ಥೆ 2021ರಲ್ಲಿ ಒಂದು ವರದಿ ಕೊಟ್ಟಿತು. ಸುಮಾರು 30 ಸಾವಿರ ಜನರನ್ನು ಮಾತಾಡಿಸಿ ಮಾಡಿದ ಸಮೀಕ್ಷೆ ಅದು. 97 ಶೇಕಡಾ ಭಾರತೀಯರು ದೇವರನ್ನು ನಂಬುತ್ತೇವೆ ಅಂದರು.  ನನಗೆ ಆಸಕ್ತಿ ಹುಟ್ಟಿದ್ದು ಒಳಗಿನ ಅಂಕಿಗಳಲ್ಲಿ. ದೇವರಿದ್ದಾನೆ ಅನ್ನುವುದರಲ್ಲಿ ತಮಗೆ ಸಂದೇಹವೇ ಇಲ್ಲ ಅಂದವರು ಸುಮಾರು 80 ಶೇಕಡಾ. ಹಾಗಾದರೆ ನಂಬುತ್ತೇವೆ ಅಂದವರಲ್ಲೇ ಒಂದಷ್ಟು ಜನಕ್ಕೆ ಪೂರ್ತಿ ಖಚಿತವಿಲ್ಲ. ಬೌದ್ಧರಲ್ಲಿ ಮೂರರಲ್ಲಿ ಒಬ್ಬರು ದೇವರನ್ನು ನಂಬುವುದಿಲ್ಲ ಅಂದರು. ದೇವರನ್ನು ನಂಬದವನು ಹಿಂದೂ ಆಗಲಾರ ಅಂದ ಹಿಂದೂಗಳು 49 ಶೇಕಡಾ. ಸರಿಸುಮಾರು ಅರ್ಧ! ಇನ್ನರ್ಧ ಜನ ಹಾಗೆ ಹೇಳಲಿಲ್ಲ. ಇದರ ಬಗ್ಗೆ ಹಿಂದೂಗಳಲ್ಲೇ ಒಮ್ಮತವಿಲ್ಲ ಅಂದಮೇಲೆ ಸರ್ಕಾರ ನನ್ನ ಪರವಾಗಿ ತೀರ್ಮಾನ ಮಾಡುವುದು ಸರಿಯಾ?

ದೇವರು ಬೇರೆ, ಧರ್ಮ ಬೇರೆ ಅನ್ನುವುದು ಈ ನೆಲಕ್ಕೆ ಹೊಸದಲ್ಲ. ಶ್ರವಣಬೆಳಗೊಳಕ್ಕೆ, ಮೂಡುಬಿದಿರೆಗೆ ಹೋಗಿ ಕೈಮುಗಿಯುವ ಜೈನರ ಮತದಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ. ಆದರೂ ಅವರಿಗೆ ಧರ್ಮವಿದೆ, ಕೋಡ್ ಕೂಡ ಇದೆ. ವೇದದ ಕರ್ಮಗಳ ಅರ್ಥವನ್ನು ವಿಚಾರ ಮಾಡುವ ಮೀಮಾಂಸಕರಲ್ಲಿ ದೊಡ್ಡ ಹೆಸರಾದ 7ನೇ ಶತಮಾನದ ಕುಮಾರಿಲ ಭಟ್ಟ ವೇದವನ್ನು ಒಪ್ಪಿದ, ಯಜ್ಞವನ್ನು ಎತ್ತಿ ಹಿಡಿದ. ಸೃಷ್ಟಿಕರ್ತ ದೇವರ ಮಾತು ಬಂದಾಗ ಮಾತ್ರ ಒಂದಾದ ಮೇಲೊಂದು ಪ್ರಶ್ನೆ ಹಾಕಿ ತಳ್ಳಿಹಾಕಿದ. ಚಾರ್ವಾಕರು ಜೈನರನ್ನೂ ಮೀಮಾಂಸಕರನ್ನೂ ಒಪ್ಪಲಿಲ್ಲ, ಪರಲೋಕವೇ ಇಲ್ಲ ಅಂದರು. ಅವರ ಬರಹ ಬಹುಪಾಲು ಉಳಿದಿಲ್ಲ. ಅವರನ್ನು ವಿರೋಧಿಸಿದವರು ಬರೆದಿಟ್ಟದ್ದರಿಂದಲೇ ನಮಗೆ ಜಾಸ್ತಿ ತಿಳಿದಿರುವುದು. 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರು ದರ್ಶನಗಳನ್ನೆಲ್ಲ ಒಂದೆಡೆ ಜೋಡಿಸಿ ಬರೆದಾಗ ಮೊದಲ ಅಧ್ಯಾಯವನ್ನೇ ಚಾರ್ವಾಕರಿಗೆ ಕೊಟ್ಟರು. ಒಪ್ಪಲಿಲ್ಲ, ಖಂಡಿಸಲೆಂದೇ ಬರೆದರು, ಆದರೆ ಲೆಕ್ಕಕ್ಕೆ ತೆಗೆದುಕೊಂಡರು. ಆರೇಳು ನೂರು ವರ್ಷದ ಹಿಂದೆ ಒಬ್ಬ ವೇದಾಂತಿ ಮಾಡಿದ್ದನ್ನು ಇವತ್ತಿನ ಗಣರಾಜ್ಯ ಮಾಡಬಾರದೇ?

ನಮ್ಮ ಎಚ್. ನರಸಿಂಹಯ್ಯನವರನ್ನೂ ನೆನೆಯುತ್ತೇನೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಅವರು ಸಮಿತಿ ಮಾಡಿದರು. ಗಾಳಿಯಿಂದ ವಸ್ತು ತೆಗೆದು ಕೊಡುತ್ತೇನೆ ಅನ್ನುವವರು ನಮ್ಮ ಮುಂದೆ ಕೊಡಲಿ ಅಂದರು. ಅವರ ಪ್ರಶ್ನೆ ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ದಿನಾ ಪೂಜೆ ಮಾಡುವವರೂ ಇದ್ದರು. ಪವಾಡವನ್ನು ನಂಬದಿರುವುದು ಒಂದು ಮೆಟ್ಟಿಲು, ಮಧ್ಯವರ್ತಿಗಳನ್ನು ನಂಬದಿರುವುದು ಇನ್ನೊಂದು. ದೇವರನ್ನೇ ನಂಬದಿರುವುದು ಮತ್ತೂ ಮುಂದಿನದು. ಮೊದಲ ಮೆಟ್ಟಿಲಲ್ಲೇ ಬದುಕಿಡೀ ನೆಮ್ಮದಿಯಾಗಿ ನಿಂತವರನ್ನು ನಾನು ಬಲ್ಲೆ. ಅವರನ್ನು ಮೇಲೆ ಬನ್ನಿ ಅಂತ ಎಳೆಯುವ ಹಟ ನನಗಿಲ್ಲ.

ನಂಬದೆ ಬದುಕುವುದು ಅಂದರೆ ಏನು ಅಂತಲೂ ಒಂದೆರಡು ಮಾತು ಹೇಳಬೇಕು. ನಮ್ಮ ಬಗ್ಗೆ ಇರುವ ಕಲ್ಪನೆಯೇ ಬೇರೆ. “ಹಾಗಾದರೆ ನಿಮಗೆ ಯಾರ ಹೆದರಿಕೆ?” ಅಂತ ಕೇಳುತ್ತಾರೆ. ಹೆದರಿಕೆಯಿಂದ ಒಳ್ಳೆಯವರಾಗಿರುವವರು ನಮ್ಮ ಸುತ್ತ ಅಷ್ಟೊಂದು ಇದ್ದಾರೆಯೇ? ನನ್ನ ಅಮ್ಮ ದೇವರನ್ನು ನಂಬಿದವರು. ಅವರು ಪಕ್ಕದ ಮನೆಯವರಿಗೆ ಅನ್ನ ಕೊಟ್ಟಿದ್ದು ಹಸಿವು ನೋಡಿ. ಅದನ್ನೇ ನಾನು ಅವರಿಂದ ಕಲಿತೆ. ಅಪ್ಪ ಹೋದಾಗ “ಅವರು ಎಲ್ಲೋ ಮೇಲೆ ಇದ್ದಾರೆ” ಅನ್ನುವ ಸಮಾಧಾನ ನನಗೆ ಸಿಗಲಿಲ್ಲ. ಆ ಸಮಾಧಾನ ಇಲ್ಲದೆಯೇ ಅಳಬೇಕಾಯಿತು. ತಿಥಿಯ ದಿನ ಅಮ್ಮನ ಜೊತೆ ಅಡುಗೆಗೆ ನಿಂತೆ, ಎಡೆ ಇಡುವಾಗ ಪಕ್ಕದಲ್ಲಿದ್ದೆ. ಅದು ನಾಟಕವಾಗಿರಲಿಲ್ಲ. ಅಪ್ಪನನ್ನು ಎಲ್ಲರೂ ಕೂಡಿ ನೆನೆಯುವ ದಿನ ಅದು, ಅಲ್ವಾ? ಹಬ್ಬದ ಹೋಳಿಗೆ ತಿಂದ ಮಾತ್ರಕ್ಕೆ, ಎಡೆಯ ಮುಂದೆ ನಿಂತ ಮಾತ್ರಕ್ಕೆ ನನ್ನ ಮಾತು ಸುಳ್ಳಾಗುವುದಿಲ್ಲ. ಮನೆಯ ರೂಢಿಗೆ ಜೊತೆಯಾಗುವುದು ಒಂದು, ನಾನು ಏನು ನಂಬುತ್ತೇನೆ ಅಂತ ಸರ್ಕಾರಕ್ಕೆ ಹೇಳುವುದು ಇನ್ನೊಂದು.

ಈಗ ಒಂದು ಗಂಭೀರವಾದ ತೊಡಕಿಗೆ ಬರುತ್ತೇನೆ. ಇದನ್ನು ನೀವು ಬಗೆಹರಿಸದಿದ್ದರೆ ನಾನು ಕೇಳುವ ಸಾಲು ಬಂದರೂ ಅರ್ಧ ಜನರಿಗೆ ಉಪಯೋಗವಿಲ್ಲ.

ನಂಬಿಕೆ ಬಿಟ್ಟವರಲ್ಲಿ ದಲಿತರು ಬಹಳ ಜನ ಇದ್ದಾರೆ. ಗುಡಿಯೊಳಗೆ ಬಿಡದ ದೇವರನ್ನು ಯಾಕೆ ಒಪ್ಪಬೇಕು ಅಂತ ಕೇಳಿ ಹೊರಬಂದವರು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್ ಅಥವಾ ಬೌದ್ಧ ಧರ್ಮಕ್ಕಿಂತ ಬೇರೆ ಧರ್ಮವನ್ನು ಅನುಸರಿಸುವವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವುದಿಲ್ಲ. ಸಿಖ್ಖರು ಸೇರಿದ್ದು 1956ರಲ್ಲಿ, ಬೌದ್ಧರು 1990ರಲ್ಲಿ. ಪರಿಶಿಷ್ಟ ಪಂಗಡಕ್ಕೆ ಇಂಥ ಷರತ್ತಿಲ್ಲ. ಗಣತಿಯಲ್ಲೂ ಪರಿಶಿಷ್ಟ ಜಾತಿ ಅಂತ ಬರೆದುಕೊಂಡದ್ದು ಈ ಮೂರು ಧರ್ಮದವರನ್ನು ಮಾತ್ರ. ಹಾಗಾದರೆ ಒಬ್ಬ ದಲಿತ ಹೆಣ್ಣುಮಗಳು ‘ನನಗೆ ಯಾವ ಧರ್ಮವೂ ಇಲ್ಲ’ ಅಂದರೆ ಅವಳ ಜಾತಿಯ ಲೆಕ್ಕ ಎಲ್ಲಿಗೆ ಹೋಗುತ್ತದೆ? ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟರಿಗೆ ಎಷ್ಟು ಸೀಟು ಮೀಸಲು ಅನ್ನುವುದು ಜನಸಂಖ್ಯೆಯ ಪ್ರಮಾಣದ ಮೇಲೆ ನಿಂತಿದೆ. ತನ್ನ ಮನಸ್ಸಿನ ಮಾತು ಹೇಳಿದರೆ ತನ್ನ ಸಮುದಾಯದ ಪಾಲು ಕಡಿಮೆಯಾಗುತ್ತದೆ ಅನ್ನುವ ಭಯ ಅವಳಿಗಿದ್ದರೆ ಅದು ಸುಳ್ಳು ಭಯವಲ್ಲ. ಹಾಗಾಗಿ ಅವಳು ಸುಮ್ಮನೆ ಹಿಂದೂ ಅಂತ ಬರೆಸುತ್ತಾಳೆ. ಮೇಲ್ಜಾತಿಯಲ್ಲಿ ಹುಟ್ಟಿದವರು ಮಾತ್ರ ಧೈರ್ಯವಾಗಿ ‘ಇಲ್ಲ’ ಅನ್ನಬಹುದಾದರೆ ಆ ಸಾಲಿನಿಂದ ಬರುವ ಅಂಕಿಯೂ ತಪ್ಪು, ನ್ಯಾಯವೂ ತಪ್ಪು.

ಆ ಆದೇಶದ ಮಾತನ್ನು ದಯವಿಟ್ಟು ಮತ್ತೊಮ್ಮೆ ಓದಿ. ‘ಬೇರೆ ಧರ್ಮವನ್ನು ಅನುಸರಿಸುವವರು’ ಅಂತಿದೆ. ಯಾವ ಧರ್ಮವನ್ನೂ ಅನುಸರಿಸದವಳು ಬೇರೆ ಧರ್ಮವನ್ನು ಅನುಸರಿಸುತ್ತಿಲ್ಲ. ನಾನು ವಕೀಲಳಲ್ಲ, ಆದರೆ ಬರೆದದ್ದನ್ನು ಬರೆದ ಹಾಗೆ ಓದಿದರೆ ಅವಳನ್ನು ಹೊರಗಿಡಲು ಅಲ್ಲಿ ಕಾರಣ ಕಾಣುವುದಿಲ್ಲ. ಕಾನೂನು ಇಲಾಖೆಯಿಂದ ಈ ವಿಷಯ ಸ್ಪಷ್ಟ ಮಾಡಿಸಿಕೊಳ್ಳಿ. ‘ಯಾವ ಧರ್ಮವೂ ಇಲ್ಲ’ ಅಂದವರ ಜಾತಿಯನ್ನು ಅವರು ಹೇಳಿದ ಹಾಗೆಯೇ ದಾಖಲಿಸಿ, ಪರಿಶಿಷ್ಟರಾದರೆ ಪರಿಶಿಷ್ಟರೆಂದೇ ಬರೆಯಿರಿ ಅಂತ ಗಣತಿದಾರರ ಕೈಪಿಡಿಯಲ್ಲಿ ಹಾಕಿಸಿ. ಆ್ಯಪ್ ಕೂಡ ಹಾಗೆಯೇ ಇರಲಿ. ಧರ್ಮ ಇಲ್ಲ ಅಂತ ಒತ್ತಿದ ಕೂಡಲೇ ಜಾತಿಯ ಪಟ್ಟಿ ಮುಚ್ಚಿಕೊಳ್ಳಬಾರದು. ದೇವರನ್ನು ಬಿಟ್ಟ ಮಾತ್ರಕ್ಕೆ ಊರು ಜಾತಿಯನ್ನು ಮರೆಯುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಯಾರೂ ನಿನ್ನ ತತ್ವಜ್ಞಾನ ಏನು ಅಂತ ಕೇಳುವುದಿಲ್ಲ, “ನಿಮ್ಮದು ಯಾವ ಜನ?” ಅಂತ ಕೇಳುತ್ತಾರೆ.

ಕಾನೂನು ನಮ್ಮನ್ನು ಪೂರ್ತಿ ಮರೆತಿಲ್ಲ. ಶಾಸಕರಾಗಲಿ ಸಂಸದರಾಗಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರ ಹೆಸರೆತ್ತದೆ ಸತ್ಯನಿಷ್ಠೆಯಿಂದಲೂ ಮಾಡಬಹುದು. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಎರಡೂ ಇವೆ. ಕೋರ್ಟಿನ ಸಾಕ್ಷಿಗೂ 1969ರ ಪ್ರಮಾಣ ಕಾಯ್ದೆ ಈ ಅವಕಾಶ ಕೊಟ್ಟಿದೆ. ಇಂಥದ್ದೊಂದು ಅವಕಾಶಕ್ಕಾಗಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಪಟ್ಟ ಪಾಡು ದೊಡ್ಡದು. 1880ರಲ್ಲಿ ನಾರ್ಥಾಂಪ್ಟನ್ ಜನ ಆರಿಸಿ ಕಳಿಸಿದ ನಾಸ್ತಿಕ ಆತ. ದೇವರ ಹೆಸರಿಲ್ಲದೆ ಪ್ರಮಾಣ ಮಾಡುತ್ತೇನೆ ಅಂದದ್ದಕ್ಕೆ ಸದನ ಒಪ್ಪಲಿಲ್ಲ. ಒಂದು ಸಲ ಬಂಧಿಸಿ ಇಟ್ಟರು, ಮತ್ತೊಂದು ಸಲ ಎಳೆದು ಹೊರಹಾಕಿದರು. ಅವರ ಊರಿನ ಜನ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿದರು. 1886ರಲ್ಲಿ ಕೊನೆಗೂ ಒಳಗೆ ಕೂತರು, 1888ರಲ್ಲಿ ಆ ಕಾನೂನನ್ನೇ ಬದಲಾಯಿಸಿದರು. ಮರುವರ್ಷ ಮುಂಬೈಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು ಭಾರತೀಯರ ಪರವಾಗಿ ಮಾತಾಡಿದರು. 1891ರಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿ ಎಂಬ ಯುವಕ ಅವರ ಅಂತ್ಯಕ್ರಿಯೆಗೆ ಹೋಗಿದ್ದರು. ದೇವರನ್ನು ಅಷ್ಟು ನಂಬಿದ ಮನುಷ್ಯ, ನಂಬದವನಿಗೆ ಕೊನೆಯ ಗೌರವ ಕೊಡಲು ಹೋದದ್ದು ನನಗೆ ಬಹಳ ಇಷ್ಟ.

2014ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿತು. ಸಂವಿಧಾನದ 25ನೇ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಯಾವ ಧರ್ಮಕ್ಕೂ ಸೇರಿಲ್ಲ ಅನ್ನುವ ಹಕ್ಕೂ ಇದೆ, ಸರ್ಕಾರ ಯಾರನ್ನೂ ಧರ್ಮ ಹೇಳು ಅಂತ ಒತ್ತಾಯಿಸುವಂತಿಲ್ಲ ಅಂತ. ನಿಮ್ಮದೇ 1948ರ ಜನಗಣತಿ ಕಾಯ್ದೆಯ 8ನೇ ಸೆಕ್ಷನ್, ಕೇಳಿದ ಪ್ರಶ್ನೆಗೆ ನಮಗೆ ತಿಳಿದ ಮಟ್ಟಿಗೆ ಸರಿಯಾದ ಉತ್ತರ ಕೊಡಬೇಕು ಅನ್ನುತ್ತದೆ. ಉತ್ತರ ಕೊಡುವುದು ನನ್ನ ಕರ್ತವ್ಯವಾದರೆ ಅದನ್ನು ಹಾಗೆಯೇ ಬರೆದುಕೊಳ್ಳಲು ಜಾಗ ಇಡುವುದು ನಿಮ್ಮದು.

ಜಾಗ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಆಸ್ಟ್ರೇಲಿಯಾದಲ್ಲಿ 2016ರ ಗಣತಿಗೆ ‘ಧರ್ಮವಿಲ್ಲ’ ಅನ್ನುವುದನ್ನು ಪಟ್ಟಿಯ ಕೊನೆಯಿಂದ ಮೊದಲಿಗೆ ತಂದರು. 2011ರಲ್ಲಿ 22 ಶೇಕಡಾ ಇದ್ದದ್ದು 30 ಶೇಕಡಾ ಆಯಿತು, 2021ರಲ್ಲಿ 38.9 ಶೇಕಡಾ. ಅದಷ್ಟೂ ಜಾಗ ಬದಲಿಸಿದ್ದರಿಂದ ಆದದ್ದು ಅಂತ ನಾನು ಹೇಳುವುದಿಲ್ಲ, ಜನರೂ ಬದಲಾಗಿದ್ದಾರೆ. ನಮ್ಮಲ್ಲಿ ಮೊದಲಿಗೇ ಇಡಿ ಅಂತಲೂ ಕೇಳುವುದಿಲ್ಲ. ಕಣ್ಣಿಗೆ ಬೀಳುವ ಹಾಗೆ ಇಡಿ, ಟೈಪ್ ಮಾಡದೆ ಒತ್ತುವ ಹಾಗೆ ಇಡಿ, ಅಷ್ಟೇ.

ಇನ್ನು ಮನೆಬಾಗಿಲಿನ ಮಾತು. ನಮ್ಮಲ್ಲಿ ಹೆಸರು ಕೇಳಿದ ಕೂಡಲೇ ಧರ್ಮ ಊಹಿಸುವ ಅಭ್ಯಾಸ ಎಲ್ಲರಿಗೂ ಇದೆ. ಗಣತಿದಾರರು ಹೆಚ್ಚಾಗಿ ಅದೇ ಊರಿನ ಮೇಷ್ಟ್ರು, ಟೀಚರು. ಮನೆಯ ಯಜಮಾನರು ಒಬ್ಬರೇ ಎಲ್ಲರ ಪರವಾಗಿ ಹೇಳಿಬಿಡುತ್ತಾರೆ. ನಮೂನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಧರ್ಮದ ಕಲಂ ಇದ್ದದ್ದು ಸುಮ್ನೆ ಅಲ್ಲ. ವಯಸ್ಸಿಗೆ ಬಂದ ಮಗ, ಮಗಳು, ಸೊಸೆಯನ್ನು ಅವರವರ ಧರ್ಮ ಅವರನ್ನೇ ಕೇಳಿ ಅಂತ ತರಬೇತಿಯಲ್ಲಿ ಹೇಳಿಕೊಡಿ. ಹೊಸ ಆ್ಯಪ್‌ನಲ್ಲೂ ಒಬ್ಬರ ಉತ್ತರ ಉಳಿದವರಿಗೆ ತಾನಾಗಿ ತುಂಬಿಕೊಳ್ಳುವ ಹಾಗೆ ಮಾಡಬೇಡಿ.

ಭಯದ ಮಾತೂ ಇದೆ. 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ದೇವರಿಲ್ಲ ಅಂತ ಬಹಿರಂಗವಾಗಿ ಹೇಳುತ್ತಿದ್ದ ಯುವಕನೊಬ್ಬನನ್ನು ಕೊಂದರು. ಅವನಿಗೆ ಸಣ್ಣ ಮಕ್ಕಳಿದ್ದರು. ಅಂಥ ಸುದ್ದಿ ಓದಿದವರು ಬೀದಿಯಲ್ಲಿ ನಾಲ್ಕು ಜನ ನಿಂತಿರುವಾಗ ಗಣತಿದಾರರಿಗೆ ಉತ್ತರ ಹೇಳಲು ಹಿಂಜರಿಯುವುದು ಸಹಜ. ಗಣತಿಯ ದಾಖಲೆಯನ್ನು ಯಾರೂ ತೆಗೆದು ನೋಡುವಂತಿಲ್ಲ, ಅದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ ಅಂತ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ನಿಮ್ಮ ಜಾಹೀರಾತುಗಳಲ್ಲಿ ಇದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿಸಿ. ಜನರೇ ಮೊಬೈಲ್‌ನಲ್ಲಿ ತುಂಬುವ ಸ್ವಯಂ ಗಣತಿಯ ವಿಷಯವನ್ನೂ ಜೊತೆಗೇ ಹೇಳಿ. ಅಪ್ಪನ ಮುಂದೆ ಬಾಯಿಬಿಡಲಾಗದ ಮಗಳಿಗೆ ಅದರಿಂದ ಸಹಾಯವಾಗಬಹುದು.

ಈ ಸಾಲು ಬಂದರೆ ನಾವು ಎಷ್ಟು ಜನ ಇದ್ದೇವೆ ಅಂತ ತಿಳಿಯುತ್ತದೆ. ಬಹುಶಃ ಕಡಿಮೆಯೇ ಇರಬಹುದು. ಇರಲಿ, ಆಗಲೂ ಆ ಅಂಕಿಯನ್ನು ಒಪ್ಪುತ್ತೇನೆ. ಜನಸಂಖ್ಯೆ ಎಣಿಕೆಯ ಪ್ರಶ್ನೆಗಳು ಮತ್ತು ಗಣತಿದಾರರ ಕೈಪಿಡಿ ಕೊನೆಯ ರೂಪಕ್ಕೆ ಬರುವ ಮೊದಲು ಈ ಪತ್ರದ ಎರಡು ವಿಷಯಗಳಿಗೆ, ಅಂದರೆ ‘ಯಾವ ಧರ್ಮವೂ ಇಲ್ಲ’ ಅನ್ನುವ ಕೋಡ್‌ಗೆ ಮತ್ತು ಹಾಗೆ ಹೇಳಿದ ಪರಿಶಿಷ್ಟ ಜಾತಿಯವರ ಎಣಿಕೆಗೆ, ನಿಮ್ಮ ಕಚೇರಿಯ ನಿಲುವು ಏನು ಅಂತ ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಕರ್ನಾಟಕದ ಒಬ್ಬ ನಾಗರಿಕಳು